ಲ್ಯಾಬಿನ ಹಳೆಯ ಕಂಪ್ಯೂಟರು, ಮುಕ್ತ ತಂತ್ರಾಂಶದ ಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಕ್ತ ತಂತ್ರಾಂಶ ಯೋಜನೆಗಳಿಗೆ ಹಣದ ಬದಲು ಕಂಪ್ಯೂಟರನ್ನೇ ಕೊಡಬಹುದೇ ಎಂದು ಕೇಳಿ ಈಚಿನ ತಿಂಗಳುಗಳಲ್ಲಿ ಹಲವು ಪತ್ರಗಳು ಬಂದಿವೆ. ತಂತ್ರಾಂಶವನ್ನು ಸೋರ್ಸ್ ಕೋಡ್‌ನಿಂದ ಕಟ್ಟಿ, ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಯಂತ್ರಗಳ ಬಗ್ಗೆ ಈ ಅಂಕಣದಲ್ಲಿ ಇದುವರೆಗೆ ಬರೆದಿಲ್ಲ. ನಾನೂ ಕೆಲವು ವರ್ಷಗಳಿಂದ ಮನೆಯಲ್ಲಿ ಅಂಥದ್ದೊಂದು ಯಂತ್ರವನ್ನು ನಡೆಸುತ್ತಿದ್ದೇನೆ. ಆದ್ದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಈ ವರ್ಷ ಹೊಸ ಯಂತ್ರಗಳು ಬಂದದ್ದರಿಂದ ಒಂದೇ ಮಾದರಿಯ 12 ಹಳೆಯ ಡೆಸ್ಕ್‌ಟಾಪ್‌ಗಳು ಮೂಲೆ ಸೇರಿವೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತವೆ. ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟುಗಳಿಗೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯವನ್ನೇ ಬಳಸುತ್ತಾರೆ. ಆ ಋಣಕ್ಕಾಗಿ ಈ ಯಂತ್ರಗಳನ್ನು ಆ ಯೋಜನೆಗೆ ಕೊಡೋಣವೆಂದು ನಮ್ಮ ವಿಭಾಗದ ಇಚ್ಛೆ. ಯಾರಿಗೆ, ಎಲ್ಲಿಗೆ ಕಳುಹಿಸಬೇಕು?

ಉತ್ತರ: ಎಲ್ಲಿಗೂ ಕಳುಹಿಸಬೇಕಾಗಿಲ್ಲ. ಪೋಸ್ಟ್‌ಗ್ರೆಸ್‌ಗೆ ಯಂತ್ರ ಕೊಡುವುದೆಂದರೆ ಅದನ್ನು ನಿಮ್ಮ ಲ್ಯಾಬಿನಲ್ಲಿಯೇ ಇಟ್ಟುಕೊಂಡು ನೋಡಿಕೊಳ್ಳುವುದು ಎಂದೇ ಅರ್ಥ. ಕರೆಂಟು, ಇಂಟರ್ನೆಟ್, ದುರಸ್ತಿ ಎಲ್ಲವೂ ನಿಮ್ಮ ಹೊಣೆಯಾಗಿರುತ್ತವೆ, ಯೋಜನೆಗೆ ತಲುಪುವುದು ಆ ಯಂತ್ರ ನಡೆಸಿದ ಪರೀಕ್ಷೆಯ ವರದಿ ಮಾತ್ರ. ಆಂಡ್ರೂ ಡನ್‌ಸ್ಟನ್ ಅವರು 2004ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಹೆಸರು ಬಿಲ್ಡ್ ಫಾರ್ಮ್. ಹೆಸರಿಗೆ ತಕ್ಕಂತೆ, ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಪ್ರಾಣಿಯ ಹೆಸರನ್ನು ಕೊಡುತ್ತಾರೆ. ಆಪರೇಟಿಂಗ್ ಸಿಸ್ಟಮ್ ಯಾವುದು, ಸೋರ್ಸ್ ಕೋಡನ್ನು ಓಡುವ ತಂತ್ರಾಂಶವಾಗಿ ಮಾರ್ಪಡಿಸುವ ಕಂಪೈಲರ್ ಯಾವ ಆವೃತ್ತಿಯದು, ಪ್ರೊಸೆಸರ್ ಯಾವ ಜಾತಿಯದು ಎಂಬುದನ್ನು ಒಂದು ಅರ್ಜಿಯಲ್ಲಿ ತುಂಬಿ ಕಳುಹಿಸಿದರೆ, ಅವರು ಒಪ್ಪಿದ ಮೇಲೆ ನಿಮಗೆ ಆ ಹೆಸರೂ ಒಂದು ಗುಪ್ತಕೀಲಿಯೂ ಬರುತ್ತವೆ. ಪರ್ಲ್ ಭಾಷೆಯಲ್ಲಿ ಬರೆದ ಒಂದು ಸಣ್ಣ ತಂತ್ರಾಂಶವನ್ನು ಇಳಿಸಿಕೊಂಡು, ಇವೆರಡನ್ನೂ ಅದರ ಸಂರಚನೆಯ ಕಡತದಲ್ಲಿ ಬರೆದು, ನಿಗದಿತ ವೇಳೆಗೆ ಅದು ತಾನಾಗಿ ಓಡುವಂತೆ ಏರ್ಪಾಡು ಮಾಡುವಷ್ಟರಲ್ಲಿ ನಿಮ್ಮ ಮೊದಲ ದಿನದ ಕೆಲಸ ಮುಗಿಯುತ್ತದೆ.

ಅದು ಓಡಿದಾಗ ಏನಾಗುತ್ತದೆ ಎಂಬುದನ್ನು ಒಮ್ಮೆ ಪರದೆಯ ಮುಂದೆ ಕುಳಿತು ನೋಡುವುದು ಒಳ್ಳೆಯದು, ವಿದ್ಯಾರ್ಥಿಗಳಿಗೂ ತೋರಿಸಿ. ಮೊದಲು ಅದು ಕಳೆದ ಸಲದಿಂದೀಚೆಗೆ ಕೋಡ್‌ನಲ್ಲಿ ಬದಲಾವಣೆ ಆಗಿದೆಯೇ ಎಂದು ನೋಡುತ್ತದೆ. ಆಗಿಲ್ಲದಿದ್ದರೆ ಸುಮ್ಮನೆ ನಿಲ್ಲುತ್ತದೆ. ಆಗಿದ್ದರೆ ಹೊಸ ಕೋಡ್ ತಂದು, ಇಡೀ ಪೋಸ್ಟ್‌ಗ್ರೆಸ್ಸನ್ನು ಕಂಪೈಲ್ ಮಾಡಿ, ಒಂದು ತಾತ್ಕಾಲಿಕ ದತ್ತಸಂಚಯವನ್ನು ಎಬ್ಬಿಸಿ, 200ಕ್ಕೂ ಹೆಚ್ಚು ಪರೀಕ್ಷಾ ಕಡತಗಳಲ್ಲಿರುವ ಆದೇಶಗಳನ್ನು ಅದಕ್ಕೆ ಕೊಟ್ಟು, ಬಂದ ಉತ್ತರವನ್ನು ಬರಬೇಕಾಗಿದ್ದ ಉತ್ತರದೊಡನೆ ಸಾಲು ಸಾಲಾಗಿ ಹೋಲಿಸುತ್ತದೆ. ಒಂದು ಸಾಲು ವ್ಯತ್ಯಾಸವಾದರೂ ಆ ಹಂತ ಬಿದ್ದಂತೆ. ಫಲಿತಾಂಶ ಏನೇ ಇರಲಿ, ಲಾಗ್‌ಗಳ ಸಮೇತ ಅದು ಕೇಂದ್ರ ಸರ್ವರ್‌ಗೆ ಹೋಗುತ್ತದೆ, ಮತ್ತು ಕೆಲವೇ ಹೊತ್ತಿನ ಹಿಂದೆ ಬದಲಾವಣೆ ಮಾಡಿದ ಅಭಿವೃದ್ಧಿಕಾರರು ಅದನ್ನು ತೆರೆದು ಓದುತ್ತಾರೆ. ಪ್ರತಿಯೊಂದು ಮುಖ್ಯ ಆವೃತ್ತಿಗೂ ಐದು ವರ್ಷಗಳ ಬೆಂಬಲ ಇರುವುದರಿಂದ, ಸಾಮಾನ್ಯವಾಗಿ ಐದು ಹಳೆಯ ಶಾಖೆಗಳೂ ಮುಂದಿನ ಆವೃತ್ತಿಯ ಒಂದು ಶಾಖೆಯೂ ಸೇರಿ ಆರನ್ನು ಹೀಗೆ ಕಟ್ಟಿ ನೋಡಬೇಕಾಗುತ್ತದೆ. 100 ಜಿಬಿ ಖಾಲಿ ಜಾಗ ಇದ್ದರೆ ಧಾರಾಳ.

ಇನ್ನು 12 ಯಂತ್ರಗಳ ಮಾತು. ಒಂದೇ ಮಾದರಿಯ 12 ಯಂತ್ರಗಳಲ್ಲಿ ಒಂದೇ ಬಗೆಯ ಲಿನಕ್ಸ್ ಹಾಕಿದರೆ, 12 ಸಲ ಒಂದೇ ಉತ್ತರ ಬರುತ್ತದೆ. ಈ ಫಾರ್ಮ್‌ನಲ್ಲಿ ಬೆಲೆ ಇರುವುದು ವೈವಿಧ್ಯಕ್ಕೆ. ಯೋಜನೆಯ ಕೈಪಿಡಿಯಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಕೋಡ್‌ನಲ್ಲಿ ಅನುಕೂಲ ಇದ್ದು, ಈಚೆಗೆ ಅಲ್ಲಿ ಕಟ್ಟಿ ಪರೀಕ್ಷೆಗಳನ್ನು ದಾಟಿದ್ದರೆ ಮಾತ್ರ ಒಂದು ವೇದಿಕೆಯನ್ನು ಬೆಂಬಲಿತ ಎಂದು ಕರೆಯಲಾಗುತ್ತದೆ; ಫಾರ್ಮ್‌ನಲ್ಲಿ ಇಲ್ಲದ ವೇದಿಕೆಯನ್ನು ಬಳಸುವವರು ತಾವೇ ಒಂದು ಯಂತ್ರವನ್ನು ಸೇರಿಸಬೇಕೆಂದು ಅದರಲ್ಲಿ ಒತ್ತಾಯದ ಕೋರಿಕೆಯೂ ಇದೆ. ಯಂತ್ರ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಎಚ್‌ಪಿ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಆದ ಎಚ್‌ಪಿ‌-ಯುಎಕ್ಸ್ ಸಾಕ್ಷಿ. ಅದರ ಹಾರ್ಡ್‌ವೇರ್ ತಯಾರಿಕೆ ನಿಂತಿತ್ತು, ಫಾರ್ಮ್‌ನಲ್ಲಿದ್ದ ಅದರ ಪರೀಕ್ಷೆಯೂ ಕೊನೆಗೊಂಡಿತ್ತು, ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ. 2023ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 16ನೇ ಆವೃತ್ತಿಯಿಂದ ಅದನ್ನು ಕೈಬಿಟ್ಟರು.

ವೈವಿಧ್ಯ ಎಂದರೆ ಎಷ್ಟು ಸಣ್ಣ ವ್ಯತ್ಯಾಸ ಎಂಬುದಕ್ಕೆ ನಮ್ಮ ಅಕ್ಷರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಯೂನಿಕೋಡ್‌ನ ಯುಟಿಎಫ್-8 ಬರಹದಲ್ಲಿ ‘ಕ’ ಎಂಬ ಅಕ್ಷರ 224, 178, 149 ಎಂಬ ಮೂರು ಬೈಟ್‌ಗಳಾಗಿ ಕುಳಿತಿರುತ್ತದೆ. ಸಿ ಭಾಷೆಯಲ್ಲಿ ಬೈಟನ್ನು ಹಿಡಿದಿಡುವ ‘ಚಾರ್’ ಎಂಬ ಜಾತಿಗೆ ಋಣಸಂಖ್ಯೆ ಇರಬೇಕೇ ಬೇಡವೇ ಎಂಬುದನ್ನು ಭಾಷೆ ನಿರ್ಧರಿಸಿಲ್ಲ. ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ ಇರುತ್ತದೆ, ಆರ್ಮ್ ಪ್ರೊಸೆಸರಿನ ಯಂತ್ರದ ಲಿನಕ್ಸ್‌ನಲ್ಲಿ ಇರುವುದಿಲ್ಲ. ಹೀಗಾಗಿ ಅದೇ 224, ಇಂಟೆಲ್‌ನಲ್ಲಿ ಋಣ 32 ಆಗಿ ಇಂಗ್ಲಿಷಿನ ‘ಎ’ ಅಕ್ಷರದ 65ಕ್ಕಿಂತ ಚಿಕ್ಕದಾಗುತ್ತದೆ, ಆರ್ಮ್‌ನಲ್ಲಿ 224 ಆಗಿಯೇ ಉಳಿದು ಅದಕ್ಕಿಂತ ದೊಡ್ಡದಾಗುತ್ತದೆ. ಪದಗಳನ್ನು ಮೂರು ಮೂರು ಅಕ್ಷರಗಳ ತುಂಡು ಮಾಡಿ ಹುಡುಕುವ ಪೋಸ್ಟ್‌ಗ್ರೆಸ್‌ನ ಸೂಚಿಯೊಂದರಲ್ಲಿ ಇಂಗ್ಲಿಷ್ ಅಲ್ಲದ ಬರಹಕ್ಕೆ ಇದೇ ಕಾರಣದಿಂದ ಕ್ರಮ ಬೇರೆ ಬೇರೆಯಾಗುತ್ತಿತ್ತು, ಒಂದು ಜಾತಿಯ ಯಂತ್ರದಲ್ಲಿ ಕಟ್ಟಿದ ಸೂಚಿಯನ್ನು ಇನ್ನೊಂದು ಜಾತಿಯ ಯಂತ್ರಕ್ಕೆ ನಕಲು ಮಾಡಿದರೆ ಹುಡುಕಿದ್ದು ಸಿಗದೆ ಹೋಗಬಹುದಿತ್ತು. 2025ರಲ್ಲಿ ಬಂದ 18ನೇ ಆವೃತ್ತಿಯಲ್ಲಿ, ದತ್ತಸಂಚಯ ಯಾವ ಬಗೆಯ ‘ಚಾರ್’ ಇದ್ದ ಯಂತ್ರದಲ್ಲಿ ಹುಟ್ಟಿತು ಎಂಬುದನ್ನು ಅದರ ನಿಯಂತ್ರಣ ಕಡತದಲ್ಲೇ ಬರೆದಿಡುವ ಏರ್ಪಾಡು ಆಯಿತು. ಕನ್ನಡದ ಬೈಟ್‌ಗಳೆಲ್ಲ 127ರ ಆಚೆಗೇ ಇರುವುದರಿಂದ, ಇಂಥ ದೋಷ ಎಲ್ಲಿದ್ದರೂ ಮೊದಲು ತಟ್ಟುವುದು ನಮ್ಮಂಥವರಿಗೆ.

ಆದ್ದರಿಂದ ನನ್ನ ಸಲಹೆ ಇದು. 12ರಲ್ಲಿ ಎರಡನ್ನು ಆರಿಸಿಕೊಳ್ಳಿ. ಒಂದಕ್ಕೆ ಲಿನಕ್ಸ್ ಅಲ್ಲದ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗಳಾದ ಓಪನ್‌ಬಿಎಸ್‌ಡಿ ಅಥವಾ ನೆಟ್‌ಬಿಎಸ್‌ಡಿ ಹಾಕಿ. ಇನ್ನೊಂದಕ್ಕೆ ಲಿನಕ್ಸ್ ಹಾಕುವುದಾದರೆ ಪರೀಕ್ಷಿಸಬೇಕಾದ ಲೊಕೇಲ್‌ಗಳ (ಭಾಷೆಗೂ ಪ್ರದೇಶಕ್ಕೂ ತಕ್ಕ ನಿಯಮಗಳ) ಪಟ್ಟಿಗೆ ಭಾರತದ ಕನ್ನಡವನ್ನೂ ಸೇರಿಸಿ. ಲಿನಕ್ಸ್‌ನ ಸಿ ಗ್ರಂಥಾಲಯದಲ್ಲಿ ಕನ್ನಡ ಲೊಕೇಲ್ ಇದೆ. ಅಕ್ಷರಾನುಕ್ರಮ ಅದರಿಂದಲೇ ಬರುತ್ತದೆ. 2018ರಲ್ಲಿ ಆ ಗ್ರಂಥಾಲಯದ 2.28ನೇ ಆವೃತ್ತಿ ಅನುಕ್ರಮದ ನಿಯಮಗಳನ್ನು ಬದಲಿಸಿದಾಗ ಎಷ್ಟೋ ಕಡೆ ದತ್ತಸಂಚಯಗಳ ಸೂಚಿಗಳನ್ನು ಮತ್ತೆ ಕಟ್ಟಬೇಕಾಯಿತು. ಕನ್ನಡ ಲೊಕೇಲ್‌ನಲ್ಲಿ ದಿನವೂ ಪರೀಕ್ಷೆ ನಡೆಸುವ ಒಂದು ಯಂತ್ರ ದಾವಣಗೆರೆಯಲ್ಲಿ ಇದೆ ಎಂದರೆ ನನಗೆ ಬಹಳ ಸಂತೋಷವಾಗುತ್ತದೆ.

ಫಾರ್ಮ್‌ಗೆ ಸೇರಿಸುವ ಮೊದಲು ಯಂತ್ರದ ಮೆಮೊರಿಯನ್ನು ಒಂದು ರಾತ್ರಿ ಪೂರ್ತಿ ಪರೀಕ್ಷಿಸಿ. ಗಡಿಯಾರದ ಗುಂಡು ಬ್ಯಾಟರಿಯನ್ನು ಬದಲಿಸಿ. ಹಾಳಾದ ಮೆಮೊರಿಯಿಂದ ಬಂದ ಸುಳ್ಳು ದೋಷವರದಿ ಒಳ್ಳೆಯ ಅಭಿವೃದ್ಧಿಕಾರರೊಬ್ಬರ ಇಡೀ ದಿನವನ್ನು ತಿಂದುಹಾಕುತ್ತದೆ, ಆಗ ನಾವು ಸಹಾಯ ಮಾಡಿದಂತಾಗುವುದಿಲ್ಲ. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮೊದಲ ವಾರಗಳಲ್ಲಿ ನನ್ನ ಯಂತ್ರ ಹಗಲಲ್ಲಿ ಪರೀಕ್ಷೆಗಳನ್ನು ಸಲೀಸಾಗಿ ದಾಟುತ್ತಿತ್ತು, ರಾತ್ರಿ ಮಾತ್ರ ನಡುವೆ ಎಲ್ಲೋ ಬೀಳುತ್ತಿತ್ತು. ಸೆಮಫೋರ್ (ಒಟ್ಟಿಗೆ ಓಡುವ ಕೆಲಸಗಳು ಒಂದಕ್ಕೊಂದು ಸರದಿ ಕಾಯಲು ಬಳಸುವ ಗುರುತು) ಕಾಣೆಯಾಗಿದೆ ಎಂದು ಲಾಗ್ ಹೇಳುತ್ತಿತ್ತು. ಕೊನೆಗೆ ತಿಳಿದದ್ದೇನೆಂದರೆ, ನಾನು ರಾತ್ರಿ ಕೆಲಸ ಮುಗಿಸಿ ಲಾಗ್‌ಔಟ್ ಆದ ಕ್ಷಣದಲ್ಲಿ ಲಿನಕ್ಸ್‌ನ ಸಿಸ್ಟಮ್‌ಡಿ ವ್ಯವಸ್ಥೆ, ಆ ಬಳಕೆದಾರ ಹೊರಟುಹೋದ ಎಂದು ಭಾವಿಸಿ, ಅದೇ ಖಾತೆಯ ಹೆಸರಿನಲ್ಲಿ ಇನ್ನೂ ಓಡುತ್ತಿದ್ದ ಪರೀಕ್ಷೆಯ ಸೆಮಫೋರ್‌ಗಳನ್ನೂ ಗುಡಿಸಿಹಾಕುತ್ತಿತ್ತು. ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ, ನಾನು ಓದಿರಲಿಲ್ಲ. ನೀವು ಪರೀಕ್ಷೆಗೆಂದೇ ಒಂದು ಪ್ರತ್ಯೇಕ ವ್ಯವಸ್ಥಾ ಖಾತೆಯನ್ನು ಮಾಡಿ, ಆ ಖಾತೆಗೆ ಯಾರೂ ಲಾಗಿನ್ ಆಗದಂತೆ ನೋಡಿಕೊಳ್ಳಿ. ರೂಟ್ ಖಾತೆಯಲ್ಲಂತೂ ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ.

ಕಾಲೇಜಿನ ಮಟ್ಟದಲ್ಲಿ ಪ್ರಾಂಶುಪಾಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ದಾಸ್ತಾನು ಪುಸ್ತಕದಲ್ಲಿ ಯಂತ್ರದ ಹೆಸರಿನ ಮುಂದೆ ಅದರ ಈಗಿನ ಕೆಲಸವನ್ನು ಬರೆಸಿರಿ, ನೋಂದಣಿಯಲ್ಲಿ ನಿಮ್ಮ ಸ್ವಂತ ಮಿಂಚಂಚೆಯ ಬದಲು ವಿಭಾಗದ ವಿಳಾಸವನ್ನು ಕೊಡಿ. ನಿಮಗೆ ಬೇರೆ ಕೆಲಸ ಸಿಕ್ಕಿ ನೀವು ಹೊರಟರೂ ಪತ್ರಗಳು ಓದುವವರಿಗೆ ತಲುಪಬೇಕು. ಮುಂದೆ ಆಪರೇಟಿಂಗ್ ಸಿಸ್ಟಮ್ ಅಥವಾ ಕಂಪೈಲರನ್ನು ಮೇಲ್ದರ್ಜೆಗೆ ಏರಿಸಿದಾಗ ಅದನ್ನು ಫಾರ್ಮ್‌ಗೆ ತಿಳಿಸಬೇಕು, ಅದಕ್ಕೊಂದು ಆದೇಶ ತಂತ್ರಾಂಶದ ಜೊತೆಗೇ ಬರುತ್ತದೆ. ಉಳಿದ 10 ಯಂತ್ರಗಳ ಡಿಸ್ಕ್‌ಗಳನ್ನು ಪೂರ್ತಿ ಅಳಿಸಿ, ಬೇಕೆನ್ನುವ ಪ್ರೌಢಶಾಲೆಗೆ ಕೊಡಿ. ಯಾರಿಗೂ ಬೇಡವಾದವು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ತಂತ್ರಾಂಶ ಎಂಜಿನಿಯರ್ ನಾನು. ಹಳೆಯ ಡೆಸ್ಕ್‌ಟಾಪ್ ಒಂದನ್ನು ಹೀಗೆ ಓಡಿಸಬೇಕೆಂಬ ಆಸೆ ಇದೆ. ಆದರೆ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹಲವು ಸಲ ಹೋಗುತ್ತದೆ, ಬಿಲ್ಲಿನ ಚಿಂತೆಯೂ ಇದೆ. ನಮ್ಮಂಥವರಿಗೆ ಇದು ಸಾಧ್ಯವೇ?

ಉತ್ತರ: ಬಿಲ್ಲಿನ ಚಿಂತೆ ದೊಡ್ಡ ದೊಡ್ಡ ಯೋಜನೆಗಳನ್ನೂ ಕಾಡಿದೆ. ಇವತ್ತು ಹೆಚ್ಚುಕಡಿಮೆ ಪ್ರತಿಯೊಂದು ಸರ್ವರ್‌ಗೂ ದೂರದಿಂದ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ ಓಪನ್‌ಬಿಎಸ್‌ಡಿ ಯೋಜನೆಯ ಕೂಸು. ಆ ಯೋಜನೆಯ ಮುಖ್ಯಸ್ಥ ಥಿಯೋ ಡಿ ರಾಟ್ ಅವರು ಕೆನಡಾದ ಕ್ಯಾಲ್ಗರಿಯಲ್ಲಿ ಬೇರೆ ಬೇರೆ ಜಾತಿಯ ಯಂತ್ರಗಳ ಒಂದು ಸಾಲನ್ನೇ ನಡೆಸುತ್ತಾರೆ. 2014ರ ಜನವರಿಯಲ್ಲಿ, ಆ ಯಂತ್ರಗಳ ವಿದ್ಯುತ್ತಿಗೆ ಬೇಕಾದ 20,000 ಡಾಲರ್ ಹೊಂದದಿದ್ದರೆ ಯೋಜನೆಯೇ ನಿಲ್ಲಬೇಕಾದೀತು ಎಂದು ಯೋಜನೆಯವರು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ರೊಮೇನಿಯಾದ ಬಿಟ್‌ಕಾಯಿನ್ ವ್ಯವಹಾರಸ್ಥರೊಬ್ಬರು ಆ ಮೊತ್ತವನ್ನು ಕೊಟ್ಟರು. ಯಂತ್ರ ಕೊಡಲು ಮುಂದೆ ಬರುವವರು ಹಲವರು, ಅದರ ಕರೆಂಟಿಗೆ ತಿಂಗಳು ತಿಂಗಳೂ ಕೊಡುವವರು ಕಡಿಮೆ. ಮನೆಯಲ್ಲಿ ಯಂತ್ರ ಇಟ್ಟುಕೊಂಡು ಸ್ವಂತ ಮೀಟರ್‌ನಿಂದ ಓಡಿಸುವವರ ಕೊಡುಗೆಯನ್ನು ನಾನು ಇದೇ ಕಾರಣಕ್ಕೆ ದೊಡ್ಡದೆನ್ನುತ್ತೇನೆ.

ಲೆಕ್ಕ ಹೀಗಿದೆ. ಹಳೆಯ ಡೆಸ್ಕ್‌ಟಾಪ್ ಸರಾಸರಿ 70 ವಾಟ್ ಎಳೆಯುತ್ತದೆ ಎಂದು ಹಿಡಿದರೆ ದಿನದ 24 ಗಂಟೆಯೂ ಓಡಿದಾಗ ತಿಂಗಳಿಗೆ ಸುಮಾರು 50 ಯೂನಿಟ್ ಆಗುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಾತ್ರ ಓಡಿಸಿದರೆ 17 ಯೂನಿಟ್. ಹತ್ತು ವಾಟ್ ತಿನ್ನುವ ಸಣ್ಣ ಪಿಸಿಯಾದರೆ ಇಡೀ ತಿಂಗಳಿಗೆ ಆಗುವುದು ಸುಮಾರು ಏಳು ಯೂನಿಟ್. ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಆ ಯೋಜನೆಯಲ್ಲಿ ಉಚಿತ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಮಾತ್ರ (ತೀರ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್). ಅದನ್ನು ದಾಟಿ 200 ಯೂನಿಟ್‌ವರೆಗೆ ಬಳಸಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 160 ಯೂನಿಟ್ ಬಳಸುವ ಮನೆಯಲ್ಲಿ ಈ ಹಳೆಯ ಡೆಸ್ಕ್‌ಟಾಪನ್ನು ಹಗಲುರಾತ್ರಿ ಬಿಟ್ಟರೆ ಮನೆಯವರೆಲ್ಲರ ಬಿಲ್ ಒಮ್ಮೆಗೇ ಮೈಮೇಲೆ ಬರುತ್ತದೆ. ಆದ್ದರಿಂದ ಮನೆಯಲ್ಲಿ ಎಲ್ಲರೊಡನೆ ಮಾತಾಡಿ, ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ. ದಿನಕ್ಕೆ ಒಂದೇ ಸಲ ಪರೀಕ್ಷೆ ಓಡಿಸಿದರೂ ಯೋಜನೆಗೆ ಉಪಯೋಗವಿದೆ. ಹಗಲುರಾತ್ರಿ ಓಡಲೇಬೇಕೆಂಬ ನಿಯಮವೇನೂ ಇಲ್ಲ.

ಮಲೆನಾಡಿನ ಮಳೆಗಾಲದ ಕರೆಂಟಿಗೆ ಹೆದರಬೇಕಾಗಿಲ್ಲ. ಪರೀಕ್ಷೆ ನಡುವೆ ನಿಂತರೆ ಆ ಸರದಿಯ ವರದಿ ಹೋಗುವುದಿಲ್ಲ, ಅಷ್ಟೇ; ತಾತ್ಕಾಲಿಕ ದತ್ತಸಂಚಯದಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಕೋಡ್‌ನ ಗಿಟ್ ಪ್ರತಿ ಮಾತ್ರ ಕೆಲವೊಮ್ಮೆ ಕೆಡುತ್ತದೆ, ಆಗ ಅದನ್ನು ಅಳಿಸಿ ಮತ್ತೆ ತರಿಸಿಕೊಳ್ಳಬೇಕು. ಕರೆಂಟು ಬಂದ ಕೂಡಲೇ ಯಂತ್ರ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನು ಹಾಕಿಡಿ. ಗುಡುಗು ಶುರುವಾದಾಗ ಮಾತ್ರ ಪ್ಲಗ್ ಕೀಳುವುದನ್ನು ಮರೆಯಬೇಡಿ. ಮಲೆನಾಡಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ 30 ಜನರ ತಂತ್ರಾಂಶ ಕಂಪನಿ ನಡೆಸುತ್ತಿದ್ದೇನೆ. ಎರಡು ಒಳ್ಳೆಯ ಸರ್ವರ್‌ಗಳನ್ನು ಮುಕ್ತ ತಂತ್ರಾಂಶ ಯೋಜನೆಗಳಿಗೆ ಬಿಟ್ಟುಕೊಡುವ ಯೋಚನೆ ಇದೆ. ಗುರುತಿಲ್ಲದವರ ಕೋಡ್ ನಮ್ಮ ಕಚೇರಿಯ ಯಂತ್ರದಲ್ಲಿ ಓಡುವುದು ಸುರಕ್ಷಿತವೇ ಎಂದು ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರು ಆಕ್ಷೇಪಿಸುತ್ತಿದ್ದಾರೆ.

ಉತ್ತರ: ಅವರ ಆಕ್ಷೇಪ ಸರಿಯಾದದ್ದು, ಅದನ್ನು ಗೌರವಿಸಿ. ಅಪಾಯ ಎಷ್ಟು ಎಂಬುದು ನಿಮ್ಮ ಯಂತ್ರದಲ್ಲಿ ಯಾರ ಕೋಡ್ ಓಡುತ್ತದೆ ಎಂಬುದನ್ನು ಅವಲಂಬಿಸಿದೆ. ಪೋಸ್ಟ್‌ಗ್ರೆಸ್‌ನ ಫಾರ್ಮ್‌ನಲ್ಲಿ ನಿಮ್ಮ ಯಂತ್ರವೇ ಹೊರಗೆ ಹೋಗಿ ಕೋಡ್ ತರುತ್ತದೆ, ಹೊರಗಿನವರು ಯಾರೂ ಒಳಗೆ ಬರುವುದಿಲ್ಲ, ಮತ್ತು ತರುವ ಕೋಡ್ ಯೋಜನೆಯ ಅಧಿಕಾರವುಳ್ಳ ಸದಸ್ಯರು ಈಗಾಗಲೇ ಸೇರಿಸಿದ್ದು. ಅಪಾಯ ತೀರ ಕಡಿಮೆ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿರುವ ಸಾರ್ವಜನಿಕ ಯೋಜನೆಗೆ ನಿಮ್ಮ ಯಂತ್ರವನ್ನು ರನ್ನರ್ (ಅದರ ಪರೀಕ್ಷೆ ಓಡಿಸುವ ಯಂತ್ರ) ಆಗಿ ನೇರವಾಗಿ ಜೋಡಿಸುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರು ಬೇಕಾದರೂ ಬದಲಾವಣೆಯ ಕೋರಿಕೆ ಕಳುಹಿಸಿ, ಅದರೊಳಗೆ ತಮಗೆ ಬೇಕಾದ ಆದೇಶವನ್ನು ಇಟ್ಟು, ನಿಮ್ಮ ಯಂತ್ರದಲ್ಲಿ ಓಡಿಸಿಬಿಡಬಹುದು. ಹಾಗೆ ಮಾಡಬೇಡಿ ಎಂದು ಗಿಟ್‌ಹಬ್‌ನವರೇ ಎಚ್ಚರಿಸುತ್ತಾರೆ. ಮೂರನೆಯದು, ಜಿಸಿಸಿ ಎಂಬ ಮುಕ್ತ ಕಂಪೈಲರಿನ ಹೆಸರಿನ ಜಿಸಿಸಿ ಕಂಪೈಲ್ ಫಾರ್ಮ್‌ನ ರೀತಿ. ಅಲ್ಲಿ ಮುಕ್ತ ತಂತ್ರಾಂಶದ ಅಭಿವೃದ್ಧಿಕಾರರು ಖಾತೆ ಪಡೆದು, ದಾನವಾಗಿ ಬಂದ ಬೇರೆ ಬೇರೆ ಜಾತಿಯ ಯಂತ್ರಗಳಿಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಐಬಿಎಂನ ‘ಪವರ್’ ಪ್ರೊಸೆಸರ್‌ನಂಥ ಅಪರೂಪದ ಯಂತ್ರ ಇರುವವರಿಗೆ ಇದು ಅತ್ಯುತ್ತಮ ದಾರಿ, ಆದರೆ ಅಂಥ ಯಂತ್ರ ಕಚೇರಿಯ ಜಾಲದ ಒಳಗೆ ಇರಲೇಬಾರದು. ಅಮೆರಿಕದ ಕಾರ್ವಾಲಿಸ್‌ನಲ್ಲಿರುವ ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್ 2003ರಿಂದ ಇಂಥ ಯಂತ್ರಗಳಿಗೆ ಜಾಗ, ವಿದ್ಯುತ್ತು, ಜಾಲ ಕೊಟ್ಟು ಸಾಕುತ್ತಿದೆ.

ನಿಮ್ಮ ಎರಡು ಸರ್ವರ್‌ಗಳಿಗೆ ನಾನು ಮೊದಲ ರೀತಿಯನ್ನೇ ಸೂಚಿಸುತ್ತೇನೆ. ಅವನ್ನು ಪ್ರತ್ಯೇಕ ವಿಎಲ್‌ಎಎನ್‌ನಲ್ಲಿ (ಕಚೇರಿಯ ಜಾಲದಿಂದ ಬೇರ್ಪಡಿಸಿದ ಉಪಜಾಲದಲ್ಲಿ) ಇರಿಸಿ, ಹೊರಗೆ ಹೋಗುವ ವೆಬ್ ಸಂಪರ್ಕವನ್ನಷ್ಟೇ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿ, ಕಂಪನಿಯ ಯಾವ ಪಾಸ್‌ವರ್ಡ್ ಅಥವಾ ಕೀಲಿಯೂ ಆ ಡಿಸ್ಕ್‌ಗಳ ಮೇಲೆ ಇರದಂತೆ ನೋಡಿಕೊಳ್ಳಿ.

ನೀವು ಕೇಳದ ಇನ್ನೊಂದು ಪ್ರಶ್ನೆಯೂ ಇಲ್ಲಿದೆ: ಯೋಜನೆಯವರು ನಿಮ್ಮ ಯಂತ್ರವನ್ನು ಎಷ್ಟು ನಂಬಬಹುದು? ಪರೀಕ್ಷಿಸುವ ಯಂತ್ರ ತಪ್ಪು ವರದಿ ಕೊಟ್ಟರೆ ಸಮಯ ಹಾಳಾಗುತ್ತದೆ, ಆದರೆ ಜನರು ಇಳಿಸಿಕೊಳ್ಳುವ ಪ್ಯಾಕೇಜನ್ನು ಕಟ್ಟುವ ಯಂತ್ರದಲ್ಲಿ ಯಾರಾದರೂ ಕೈಯಾಡಿಸಿದರೆ ಲಕ್ಷಾಂತರ ಸರ್ವರ್‌ಗಳಿಗೆ ವಿಷ ಸೇರುತ್ತದೆ. ಪ್ಯಾಕೇಜ್ ಕಟ್ಟುವ ಹಂತ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು 2024ರಲ್ಲಿ ನಡೆದ ಎಕ್ಸ್‌ಜೆಡ್ ಪ್ರಕರಣದಲ್ಲಿ ಕಣ್ಣಾರೆ ಕಂಡೆವು. ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಅಡಗಿಸಿದ್ದ ಕಳ್ಳಕೋಡ್, 64 ಬಿಟ್ ಇಂಟೆಲ್ ಜಾತಿಯ ಲಿನಕ್ಸ್ ಯಂತ್ರದಲ್ಲಿ ಡೆಬಿಯನ್ ಅಥವಾ ಆರ್‌ಪಿಎಂ ಎಂಬ ರೂಪದ ಪ್ಯಾಕೇಜ್ ಕಟ್ಟುವಾಗ ಮಾತ್ರ ಎಚ್ಚರಗೊಳ್ಳುವಂತೆ ಹೆಣೆಯಲಾಗಿತ್ತು. ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್‌ನ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್. ಅವರು ಪೋಸ್ಟ್‌ಗ್ರೆಸ್‌ನ ವೇಗವನ್ನು ಅಳೆಯುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದರು. ಕೆಲವು ವಾರಗಳ ಹಿಂದೆ ತಮ್ಮ ಸ್ವಯಂಚಾಲಿತ ಪೋಸ್ಟ್‌ಗ್ರೆಸ್ ಪರೀಕ್ಷೆಗಳಲ್ಲಿ, ಪ್ಯಾಕೇಜುಗಳ ನವೀಕರಣವಾದ ಮೇಲೆ ಕಂಡಿದ್ದ ಒಂದು ವಿಚಿತ್ರ ದೂರು ಅವರಿಗೆ ನೆನಪಾಯಿತು. ಎರಡನ್ನೂ ಕೂಡಿಸಿ ಹುಡುಕುತ್ತ ಹೋಗಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ದಿನವೂ ಒಂದೇ ಪರೀಕ್ಷೆಯನ್ನು ತಪ್ಪದೆ ಓಡಿಸುವ ಯಂತ್ರವೊಂದು ಎಂಥ ಕಾವಲು ಕಾಯಬಲ್ಲದು ಎಂಬುದನ್ನು ಆ ಪ್ರಕರಣದಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಪ್ಯಾಕೇಜ್ ಕಟ್ಟುವ ಯಂತ್ರದಲ್ಲಿ ಹೊರಗಿನವರು ಕೈಯಾಡಿಸಬಾರದೆಂದೇ, ಲಿನಕ್ಸ್‌ನ ಬಗೆಗಳಲ್ಲೊಂದಾದ ಡೆಬಿಯನ್ ತನ್ನ ಅಧಿಕೃತ ಪ್ಯಾಕೇಜುಗಳನ್ನು ತನ್ನದೇ ಆಡಳಿತ ತಂಡದ ಕೈಯಲ್ಲಿರುವ ಯಂತ್ರಗಳಲ್ಲಿ ಕಟ್ಟುತ್ತದೆ. ಅಂಥ ಕೆಲಸಕ್ಕೆ ಯಂತ್ರ ಕೊಡಬೇಕೆಂದರೆ ಡೇಟಾ ಸೆಂಟರ್‌ನಲ್ಲಿ ಜಾಗ, ದೂರದಿಂದ ಆನ್ ಆಫ್ ಮಾಡುವ ಸೌಲಭ್ಯ ಎಲ್ಲವನ್ನೂ ಸೇರಿಸಿ ಕೊಡಬೇಕಾಗುತ್ತದೆ, ಮತ್ತು ಕೊಟ್ಟ ಮೇಲೆ ರೂಟ್ ಪಾಸ್‌ವರ್ಡ್ ನಿಮ್ಮದಾಗಿರುವುದಿಲ್ಲ. ಹೀಗೆಯೇ ಪ್ಯಾಕೇಜುಗಳನ್ನು ಕಟ್ಟಿ ಹಂಚುವ ಗೀಕ್ಸ್ ಎಂಬ ಯೋಜನೆ ಇನ್ನೊಂದು ದಾರಿ ಹಿಡಿದಿದೆ. ಅದಕ್ಕೆ ಬರ್ಲಿನ್ ಮತ್ತು ಬೋರ್ಡೋ ಎಂಬ ಹೆಸರಿನ ಎರಡು ಸ್ವತಂತ್ರ ಬಿಲ್ಡ್ ಫಾರ್ಮ್‌ಗಳಿವೆ. ಒಂದೇ ಕೋಡನ್ನು ಎರಡೂ ಕಡೆ ಕಟ್ಟಿದಾಗ ಬಂದ ಫಲ ಬೈಟ್‌ಗೆ ಬೈಟ್ ಒಂದೇ ಆಗಿದೆಯೇ ಎಂದು ಬಳಕೆದಾರರೇ ಹೋಲಿಸಿ ನೋಡಬಹುದು.

ಪ್ರಶ್ನೆ: ಜರ್ಮನಿಯಲ್ಲಿ ನೆಲಸಿರುವ ಕನ್ನಡಿಗ ನಾನು. ಕೆಲಸಕ್ಕೆ ಬಾರದೆ ಕುಳಿತಿರುವ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರು ಇದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೋಜನೆಗೆ ಇದರಿಂದ ಏನಾದರೂ ಉಪಯೋಗವಾದೀತೇ?

ಉತ್ತರ: ಆದೀತು. ಯಾವ ವೇದಿಕೆಗೆ ಎಷ್ಟು ಬೆಂಬಲ ಎಂಬುದನ್ನು ಪೈಥಾನ್ ತನ್ನ ಪೆಪ್ 11 ಎಂಬ ದಾಖಲೆಯಲ್ಲಿ ಮೂರು ಹಂತಗಳಾಗಿ ವಿಂಗಡಿಸಿದೆ. 32 ಬಿಟ್ ರಾಸ್ಪ್‌ಬೆರಿ ಪೈ ಅದರಲ್ಲಿ ಮೂರನೆಯ ಹಂತದ್ದೆಂದು ಹೆಸರು ಹಿಡಿದೇ ಬರೆದಿದೆ. ಮೂರನೆಯ ಹಂತದಲ್ಲಿ ಉಳಿಯಬೇಕಾದರೂ ನಂಬಿಕಸ್ಥ ಬಿಲ್ಡ್‌ಬಾಟ್ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ) ಯಂತ್ರವೊಂದು ಓಡುತ್ತಿರಬೇಕು, ಕನಿಷ್ಠ ಒಬ್ಬ ಪ್ರಮುಖ ಅಭಿವೃದ್ಧಿಕಾರರಾದರೂ ಹೊಣೆ ಹೊತ್ತಿರಬೇಕು. ಬಿಲ್ಡ್‌ಬಾಟ್‌ನಲ್ಲಿಯೂ ನಿಮ್ಮ ಯಂತ್ರವೇ ಹೊರಗಿನ ಕೇಂದ್ರವನ್ನು ಸಂಪರ್ಕಿಸುವುದರಿಂದ ಮನೆಯ ರೌಟರ್‌ನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ಮೊದಲು ಬಿಲ್ಡ್‌ಬಾಟ್ ನೋಡಿಕೊಳ್ಳುವವರಿಗೆ ಬರೆದು, ಅಂಥ ಯಂತ್ರ ಈಗ ಎಷ್ಟಿವೆ, ಇನ್ನೊಂದು ಬೇಕೇ ಎಂದು ಕೇಳಿ. ಎಸ್‌ಡಿ ಕಾರ್ಡ್ ಮೇಲೆ ಮಾತ್ರ ಓಡಿಸಬೇಡಿ. ದಿನವೂ ಕಂಪೈಲ್ ಮಾಡುವ ಬರವಣಿಗೆಯ ಹೊಡೆತಕ್ಕೆ ಅದು ಬೇಗ ಸಾಯುತ್ತದೆ, ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ.

ಪ್ರಶ್ನೆ: ಯಂತ್ರ ದಾನ ಮಾಡಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸಿಗುವುದಿಲ್ಲ. 80ಜಿ ಎಂದು ನಾವು ಕರೆಯುತ್ತ ಬಂದ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ, ಅದೂ ಇಲ್ಲಿ ಅನುಮೋದನೆ ಪಡೆದ ಸಂಸ್ಥೆಗಳಿಗೆ ಕೊಟ್ಟರೆ. ಡೆಬಿಯನ್ ಮತ್ತು ಪೋಸ್ಟ್‌ಗ್ರೆಸ್ ಯೋಜನೆಗಳ ಪರವಾಗಿ ದಾನ ಸ್ವೀಕರಿಸುವ ಎಸ್‌ಪಿಐ ಅಮೆರಿಕದ ಸಂಸ್ಥೆ. ಅದಕ್ಕೆ ಹಣವನ್ನೇ ಕಳುಹಿಸಿದರೂ ಇಲ್ಲಿ ವಿನಾಯಿತಿ ಇಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ಬಿ.ಇ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್, ಅದೂ ಅಣ್ಣನ ಜೊತೆ ಹಂಚಿಕೊಂಡದ್ದು. ಬೇರೆ ಯಂತ್ರ ಕೊಡುವ ಶಕ್ತಿ ಇಲ್ಲ. ನಾನು ಏನು ಮಾಡಬಹುದು?

ಉತ್ತರ: ನಿನ್ನ ಪತ್ರ ಓದಿ ಖುಷಿಯಾಯಿತು, ತಮ್ಮಾ. ಆಗಾಗ ಮುಚ್ಚಿಡುವ ಲ್ಯಾಪ್‌ಟಾಪ್ ಫಾರ್ಮ್‌ಗೆ ಹೊಂದುವುದಿಲ್ಲ, ಅದನ್ನು ಸೇರಿಸಬೇಡ. ಆದರೆ ಪೋಸ್ಟ್‌ಗ್ರೆಸ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ, ಅದರ ಬೀಟಾ ಮೇ ತಿಂಗಳ ಸುಮಾರಿಗೇ ಹೊರಬೀಳುತ್ತದೆ. ನಡುವಿನ ಈ ನಾಲ್ಕು ತಿಂಗಳಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು. ಲಿನಕ್ಸ್‌ನಲ್ಲಿ ಬೀಟಾದ ಸೋರ್ಸ್ ಕೋಡ್ ಇಳಿಸಿಕೊಂಡು, ಸಾಮಾನ್ಯ ಬಳಕೆದಾರನ ಖಾತೆಯಿಂದಲೇ ಕಂಪೈಲ್ ಮಾಡಿ, ‘ಮೇಕ್ ಚೆಕ್’ ಎಂಬ ಆದೇಶ ಕೊಡು. ಒಮ್ಮೆ ಇಂಗ್ಲಿಷ್ ಲೊಕೇಲ್‌ನಲ್ಲಿ, ಇನ್ನೊಮ್ಮೆ ಕನ್ನಡ ಲೊಕೇಲ್‌ನಲ್ಲಿ ಮಾಡಿ ನೋಡು. ನಿನ್ನ ಪ್ರಾಜೆಕ್ಟಿನ ಕನ್ನಡ ಹೆಸರುಗಳ ಪಟ್ಟಿಯನ್ನು ಅದರೊಳಗೆ ತುಂಬಿ, ಅಕಾರಾದಿಯಾಗಿ ಜೋಡಿಸಿ, ಹಳೆಯ ಆವೃತ್ತಿಯಲ್ಲಿ ಬಂದ ಕ್ರಮವೇ ಬರುತ್ತದೆಯೇ ಎಂದೂ ನೋಡು. ಪರೀಕ್ಷೆಗಳೆಲ್ಲ ದಾಟಿದರೆ ಒಳ್ಳೆಯದು. ಎಲ್ಲಾದರೂ ಬಿದ್ದರೆ, ಬರಬೇಕಾದ ಉತ್ತರಕ್ಕೂ ಬಂದ ಉತ್ತರಕ್ಕೂ ಇರುವ ವ್ಯತ್ಯಾಸಗಳೆಲ್ಲ ‘ರಿಗ್ರೆಷನ್ ಡಿಫ್ಸ್’ ಎಂಬ ಒಂದು ಕಡತದಲ್ಲಿ ಕೂಡಿರುತ್ತವೆ. ಆ ಕಡತದ ಒಂದು ಅಕ್ಷರವನ್ನೂ ತಿದ್ದದೆ ಲಗತ್ತಿಸಿ, ಲೊಕೇಲ್‌ನ ಹೆಸರು, ಕಂಪೈಲರ್‌ನ ಆವೃತ್ತಿ, ಲ್ಯಾಪ್‌ಟಾಪ್‌ನ ಪ್ರೊಸೆಸರ್ ಇಷ್ಟನ್ನು ಮೇಲೆ ಬರೆದು, ಯೋಜನೆಯ ದೋಷವರದಿಯ ವಿಳಾಸಕ್ಕೆ ಕಳುಹಿಸು.